ಮಗು ‘ಬೇಡ’ ಎಂದರೆ ಕೇಳಿಸಿಕೊಳ್ಳುವವರು ಯಾರು?

ಸಂಶೋಧನಾ ವಿದ್ಯಾರ್ಥಿನಿ: ಮನೆಯಲ್ಲಿ ಮಕ್ಕಳು ತಿನ್ನುವ ಏಟಿನ ಬಗ್ಗೆ ಸಮೀಕ್ಷೆ ಮಾಡಬೇಕಿದೆ. ವಯಸ್ಸು 10ರಿಂದ 12. ಪೋಷಕರ ಸಹಿ ಬೇಕೇ ಬೇಕು ಎನ್ನುತ್ತಿದೆ, ಸಂಶೋಧನೆಯ ಸರಿತಪ್ಪು ನೋಡುವ ಎಥಿಕ್ಸ್ ಕಮಿಟಿ. ಹೊಡೆಯುವ ಅಪ್ಪ ಸಹಿ ಹಾಕುತ್ತಾನೆಯೇ? ಯಾರ ಮಾತು ಕೇಳಬೇಕಿತ್ತೋ ಆ ಮಗುವೇ ಪಟ್ಟಿಯಿಂದ ಹೊರಗೆ.

ಇಬ್ಬರು ಮಕ್ಕಳ ತಾಯಿ: ಹಾಗೆಂದು ನಮ್ಮನ್ನು ಕೇಳದೆ ಮಕ್ಕಳ ಬಾಯಿ ಬಿಡಿಸುತ್ತೀರಾ? 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಅನಾಥ ಮಕ್ಕಳ ಮೇಲೆ ತೊದಲುವಿಕೆಯ ಪ್ರಯೋಗ ನಡೆಯಿತು. ಸರಾಗವಾಗಿ ಮಾತನಾಡುತ್ತಿದ್ದ ಕೆಲವರಿಗೂ ‘ನಿನ್ನ ಮಾತು ಸರಿಯಿಲ್ಲ’ ಎಂದು ಹೇಳಿ ಹೇಳಿ, ತೊದಲುತ್ತಾರೆಯೇ ಎಂದು ನೋಡಿದರು. ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ! ಆ ಮಕ್ಕಳ ಪರವಾಗಿ ಜಗಳಕ್ಕೆ ನಿಲ್ಲಲು ಮನೆಯವರು ಯಾರಿದ್ದರು?

ನಿವೃತ್ತ ಮೇಷ್ಟ್ರು: ಸಹಿ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಒಮ್ಮೆ ನನ್ನ ತರಗತಿಗೆ ಪ್ರಶ್ನಾವಳಿ ಹಿಡಿದು ಬಂದಿದ್ದರು. ‘ಇಷ್ಟವಿದ್ದವರು ಮಾತ್ರ ಬರೆಯಿರಿ’ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಷ್ಟೂ ತಲೆಗಳು ತಗ್ಗಿದವು. ಮುಂದಿನ ಬೆಂಚಿನ ಹುಡುಗಿ, ‘ಸರ್, ಆರನೆಯದಕ್ಕೆ ಸರಿಯುತ್ತರ ಯಾವುದು?’ ಎಂದು ಮೆಲ್ಲಗೆ ಕೇಳಿದಳು. ಆರನೆಯ ಪ್ರಶ್ನೆ: ನಿನಗೆ ಯಾವುದರ ಭಯ?

ಸಮೀಕ್ಷಾ ತಂಡದವ: ಮೇಷ್ಟ್ರೇ, ತಪ್ಪು ತಿಳಿಯಬೇಡಿ, ನೀವು ಹೊರಗೆ ಹೋಗಬೇಕಿತ್ತು. ನಾವು ಮಗುವಿನ ಕೈಗೆ ಕೆಂಪು ಚೀಟಿ ಕೊಡುತ್ತೇವೆ. ಎತ್ತಿದರೆ ಪ್ರಶ್ನೆ ಬಂದ್. ಮೊದಲೇ ಆಟದಂತೆ ಎರಡು ಮೂರು ಸಲ ಎತ್ತಿಸುತ್ತೇವೆ. ದೊಡ್ಡವರು ನಿಜಕ್ಕೂ ಬಾಯಿ ಮುಚ್ಚುತ್ತಾರೆ ಎಂದು ಕಂಡ ಮೇಲೆಯೇ ಮಕ್ಕಳಿಗೆ ಧೈರ್ಯ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಿ ಎನ್ನುತ್ತದೆ. ‘ಬೇಡ’ ಎಂಬುದೂ ಅಭಿಪ್ರಾಯವೇ ತಾನೇ?

ಇಬ್ಬರು ಮಕ್ಕಳ ತಾಯಿ: ಚೀಟಿ ಇರಲಿ. ‘ಅಪ್ಪ ಬೆಲ್ಟಿನಿಂದ ಬಾರಿಸುತ್ತಾನೆ’ ಎಂದು ಮಗು ಹೇಳಿಬಿಟ್ಟರೆ? ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟಿರುತ್ತೀರಲ್ಲ.

ಸಮೀಕ್ಷಾ ತಂಡದವ: ಆ ಮಾತು ಕೊಡಲೇಬಾರದು. ‘ನಿನಗೆ ಅಪಾಯವಿದೆ ಎನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ತಿಳಿಸುತ್ತೇನೆ’ ಎಂದು ಮೊದಲ ಪ್ರಶ್ನೆಗೂ ಮುಂಚೆ ಹೇಳಬೇಕು. ಕೆಲವರು ಆಮೇಲೆ ತುಟಿ ಬಿಚ್ಚುವುದಿಲ್ಲ. ದತ್ತಾಂಶ ಹೋದರೆ ಹೋಗಲಿ.

ಸಂಶೋಧನಾ ವಿದ್ಯಾರ್ಥಿನಿ: ಹೋಗಲಿ ಎನ್ನುವುದು ಸುಲಭ. ಏಟು ತಿನ್ನುವ ಮಗು ಲೆಕ್ಕಕ್ಕೇ ಸಿಗದಿದ್ದರೆ ವರದಿಯಲ್ಲಿ ಎಲ್ಲ ಮನೆಗಳೂ ನಂದಗೋಕುಲ! ಪೋಷಕರ ಸಹಿಯ ಬದಲು, ಮಗುವಿನ ಪರವಾಗಿ ನಿಲ್ಲುವ ಹೊರಗಿನವರೊಬ್ಬರನ್ನು ನೇಮಿಸಿ ಎಂದು ಕಮಿಟಿಯನ್ನು ಮತ್ತೆ ಕೇಳುತ್ತೇನೆ. ಮೇಷ್ಟ್ರೇ, ಆ ಹುಡುಗಿಗೆ ಏನೆಂದಿರಿ?

ನಿವೃತ್ತ ಮೇಷ್ಟ್ರು: ‘ತೋಚಿದ್ದು ಬರೆ’ ಎಂದೆ. ಏನೋ ಬರೆದಳು, ನನ್ನ ಮುಖ ನೋಡಿದಳು, ರಬ್ಬರಿನಿಂದ ಉಜ್ಜಿ ‘ಹಾವು’ ಎಂದು ತಿದ್ದಿದಳು. ಅಳಿಸಿದ ಜಾಗದಲ್ಲಿ ‘ಸರ್’ ಎಂಬುದು ಇನ್ನೂ ಮಸುಕಾಗಿ ಕಾಣುತ್ತಿತ್ತು.