ಟೂ ಸ್ಟ್ರೋಕ್ ಪ್ರಶ್ನೋತ್ತರ: ಪೇಂಟ್ ಆಮೇಲೆ, ನಂಬರ್ ಮೊದಲು

ಹಳೆಯ ಬೈಕ್‌ಗಳ ಗುಂಪಿನಲ್ಲಿ ಈ ವಾರ ಬಂದ ಪ್ರಶ್ನೆಗಳು. ಉತ್ತರಿಸುವವರು ಶಿವಮೊಗ್ಗದ ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆ ಆಯಿಲೂ ಉರಿಯುವ ಹಳೆಯ ಬಗೆಯ ಎಂಜಿನ್) ಮೆಕ್ಯಾನಿಕ್.

ಪ್ರಶ್ನೆ (ಹೊಸನಗರ): ಅಣ್ಣ, ನಮಸ್ಕಾರ. ಅಪ್ಪ 1988ರಲ್ಲಿ ಕೊಂಡಿದ್ದ ಯಮಹಾ ಆರ್‌ಎಕ್ಸ್ 100 ಹತ್ತು ಹನ್ನೆರಡು ಮಳೆಗಾಲಗಳಿಂದ ಸೌದೆ ಕೊಟ್ಟಿಗೆಯಲ್ಲೇ ನಿಂತಿದೆ. ಅಪ್ಪ ಈಗಿಲ್ಲ. ಕಿಕ್ ಕೆಳಗಿಳಿಯುವುದಿಲ್ಲ, ಟ್ಯಾಂಕಿನೊಳಗೆ ಬರೀ ತುಕ್ಕು. ಮೊದಲು ಪೇಂಟ್ ಮಾಡಿಸಿ, ಕ್ರೋಮ್ ಹಾಕಿಸಿ, ಆಮೇಲೆ ಎಂಜಿನ್ ನೋಡೋಣ ಎಂದುಕೊಂಡಿದ್ದೇನೆ. ಉಪ್ಪಾಗೆ ಹುಳಿ ನೆನೆಸಿದ ನೀರು ಹಾಕಿದರೆ ತುಕ್ಕು ಬಿಡುತ್ತದೆ ಎನ್ನುತ್ತಾರೆ ಅಮ್ಮ. ನಿಜವೇ?

ಉತ್ತರ: ಪೇಂಟ್ ಅಂಗಡಿಯ ಕಡೆ ಸದ್ಯಕ್ಕೆ ತಲೆ ಹಾಕಬೇಡಿ. ಮೊದಲು ಅಪ್ಪನ ಪೆಟ್ಟಿಗೆಯಲ್ಲಿ ಆರ್‌ಸಿ ಹುಡುಕಿ. ಆಮೇಲೆ ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆಯಲ್ಲಿರುವ ಚಾಸಿಸ್ ನಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿ ಒಂದೊಂದಾಗಿ ಮೂಡಬೇಕು. ಸಾರಿಗೆ ಕಚೇರಿಯಲ್ಲಿ ಕೇಳುವುದೂ ಇದೇ ಪೆನ್ಸಿಲ್ ಪ್ರಿಂಟ್. ಮರಳು ಹೊಡೆಸಿ, ಪುಟ್ಟಿ ಮೆತ್ತಿ, ದಪ್ಪಗೆ ಪೇಂಟ್ ಬಳಿಸಿಕೊಂಡು ಬಂದ ಗಾಡಿಗಳಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದೆ ಮಾಲೀಕರು ತಿಂಗಳುಗಟ್ಟಲೆ ಅಲೆದದ್ದನ್ನು ನೋಡಿದ್ದೇನೆ. ಯಾರಾದರೂ 'ಹೊಸದಾಗಿ ಪಂಚ್ ಮಾಡಿಕೊಡುತ್ತೇನೆ' ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮದು ಕೆಎ ಸರಣಿಗಿಂತ ಮೊದಲಿನ ನಂಬರ್ ಇರಬೇಕು. ಅದು ಕಂಪ್ಯೂಟರಿನಲ್ಲಿ ಕಾಣದಿದ್ದರೆ ಬ್ಯಾಕ್‌ಲಾಗ್ ನಮೂದು, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕಾಗುತ್ತದೆ. ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31, ನೋಂದಣಿ ನವೀಕರಣಕ್ಕೆ ನಮೂನೆ 25.

ಇನ್ನು ಎಂಜಿನ್. ಕಿಕ್ ಮೇಲೆ ಹತ್ತಿ ಕುಣಿಯಬೇಡಿ, ಒಳಗಿನ ಕಿಕ್ ಗಿಯರ್ ಹಲ್ಲು ಉದುರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಜೊತೆ ಸ್ವಲ್ಪ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬಿಟ್ಟು ಒಂದು ವಾರ ಸುಮ್ಮನೆ ಬಿಡಿ. ಆಮೇಲೆ ಟಾಪ್ ಗಿಯರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿ. ಎಷ್ಟೋ ಪಿಸ್ಟನ್‌ಗಳು ಅಷ್ಟಕ್ಕೇ ಬಿಡುತ್ತವೆ. ಬಿಟ್ಟ ತಕ್ಷಣ ಸ್ಟಾರ್ಟ್ ಮಾಡುವ ಆಸೆ ಬೇಡ, ಬ್ಯಾರೆಲ್ (ಪಿಸ್ಟನ್ ಓಡುವ ಕೊಳವೆ) ಎತ್ತಿ ನೋಡಲೇಬೇಕು. ಈ ಎಂಜಿನ್ನಿನ ಬೋರ್ (ಬ್ಯಾರೆಲ್ಲಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಕೂಡ 50. ಗೀರು ಬಿದ್ದಿದ್ದರೆ ಬ್ಯಾರೆಲ್ ಕೊರೆಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಬೋರ್ ಮಾಡುವವರಿಗೆ ಒಂದು ಮಾತು ತಪ್ಪದೆ ಹೇಳಿ: ಪೋರ್ಟ್‌ಗಳ (ಬ್ಯಾರೆಲ್ ಗೋಡೆಯ ಕಿಂಡಿಗಳ) ಅಂಚನ್ನು ನುಣ್ಣಗೆ ಮುರಿದು ಕೊಡಬೇಕು. ಕಾರು ಎಂಜಿನ್ ಮಾಡಿ ರೂಢಿಯಾದ ಲೇತ್‌ನವರು ಇದನ್ನು ಮರೆಯುತ್ತಾರೆ. ಚೂಪಾದ ಅಂಚಿಗೆ ರಿಂಗ್ ಸಿಕ್ಕಿಕೊಂಡರೆ ಹೊಸ ಪಿಸ್ಟನ್ ಮೊದಲ ದಿನವೇ ಪುಡಿ.

ಇಷ್ಟು ವರ್ಷ ನಿಂತ ಗಾಡಿಯಲ್ಲಿ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಕಡೆಯ ಆಯಿಲ್ ಸೀಲ್ ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಕೇಳದೆ ಬದಲಾಯಿಸಿ. ಮ್ಯಾಗ್ನೆಟ್ ಕಡೆಯದು ಸೋತರೆ ಹೊರಗಿನ ಗಾಳಿ ಎಳೆದು ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ವೇಗ ತಾನಾಗಿಯೇ ಏರುತ್ತದೆ, ಕೊನೆಗೆ ಜಾಮ್. ಕ್ಲಚ್ ಕಡೆಯದು ಸೋತರೆ ಗಿಯರ್ ಆಯಿಲನ್ನೇ ಕುಡಿಯುತ್ತದೆ. ಎಷ್ಟು ಬಿಸಿಯಾದರೂ ನಿಲ್ಲದ ಬಿಳಿ ಹೊಗೆ, ತಿಂಗಳಿಗೊಮ್ಮೆ ಇಳಿಯುವ ಗಿಯರ್ ಆಯಿಲ್, ಇವೆರಡೂ ಇದ್ದರೆ ಅದೇ ಕಾರಣ.

ಅಮ್ಮನ ಮಾತು ಸುಳ್ಳಲ್ಲ, ತುಕ್ಕಿಗೆ ಹುಳಿಯೇ ಮದ್ದು. ಆದರೆ ಉಪ್ಪಾಗೆಯ ನಾರು, ಅಂಟು ಟ್ಯಾಂಕಿನ ಮೂಲೆಯಲ್ಲಿ ಕೂತರೆ ಆಮೇಲೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು) ಕಟ್ಟುತ್ತದೆ. ಅದನ್ನು ಮೀನು ಸಾರಿಗೆ ಇಟ್ಟುಕೊಂಡು, ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ತನ್ನಿ. ಪೆಟ್ರೋಲ್ ಕಾಕ್ ಬಿಚ್ಚಿ ತೂತು ಮುಚ್ಚಿ, ಬಿಸಿ ನೀರಿಗೆ ಲೀಟರಿಗೆ ಐವತ್ತರಿಂದ ನೂರು ಗ್ರಾಂ ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೂಡಲೇ ಟೂಟಿ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ. ಈ ಕೆಲಸವನ್ನು ಬೇಸಿಗೆಯಲ್ಲಿ ಮಾಡಿ. ನಮ್ಮ ಜುಲೈ ತಿಂಗಳಲ್ಲಿ ತೊಳೆದ ಟ್ಯಾಂಕ್ ಒಣಗುವುದರೊಳಗೆ ಮತ್ತೆ ಕೆಂಪಗಾಗಿರುತ್ತದೆ.

ಟ್ಯಾಂಕಿನ ಹೊರಗಿನ ಬಣ್ಣ ಕಂಪನಿಯದೇ ಆಗಿದ್ದರೆ ಮಾಸಿದ್ದರೂ ಹಾಗೆಯೇ ಇರಲಿ. ಹಳೆಯ ಬೋಲ್ಟ್, ಬ್ಯಾಡ್ಜ್, ಲಿವರ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಈಗ ಮಾರುಕಟ್ಟೆಯಲ್ಲಿ ಸಿಗುವ ಹೊಳೆಯುವ ಸಾಮಾನಿಗಿಂತ ಆ ಕಬ್ಬಿಣ ಗಟ್ಟಿ.

ಪ್ರಶ್ನೆ (ತೀರ್ಥಹಳ್ಳಿ): ನನ್ನದೂ ಆರ್‌ಎಕ್ಸ್. ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತೇನೆ. ಹತ್ತುವಾಗ ಏನೂ ತೊಂದರೆಯಿಲ್ಲ, ಆಗುಂಬೆ ಘಾಟಿ ಇಳಿಯುವಾಗ ಎಂಜಿನ್ ಹಿಡಿದುಕೊಳ್ಳುತ್ತದೆ. ಆಯಿಲ್ ಜಾಸ್ತಿ ಮಾಡಲೇ?

ಉತ್ತರ: ಬೇಡ ಮಾರಾಯರೇ. ಹೀಗೆ ಬೆರೆಸಿ ಓಡಿಸುವಾಗ ಪಿಸ್ಟನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆ ಮಾತ್ರ. ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಆಕ್ಸಿಲೇಟರ್ ಪೂರ್ತಿ ಮುಚ್ಚಿ, ಕೆಳಗಿನ ಗಿಯರಿನಲ್ಲಿ ಎಂಜಿನ್ ಬ್ರೇಕ್ ಮಾಡುತ್ತಾ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಆದರೆ ಪೆಟ್ರೋಲ್ ಬರುವುದು ತೀರಾ ಕಡಿಮೆ. ಆಯಿಲೂ ಅಷ್ಟೇ. ಹತ್ತುವಾಗ ಆಕ್ಸಿಲೇಟರ್ ತೆರೆದಿರುತ್ತದೆ, ಆಯಿಲೂ ಬರುತ್ತದೆ, ಆಗ ತೊಂದರೆಯಿಲ್ಲದಿರಲು ಅದೇ ಕಾರಣ. ಇಳಿಯುವಾಗ ಪ್ರತಿ ತಿರುವಿಗೆ ಮುಂಚೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲೇಟರ್ ತಿರುಗಿಸಿ, ಬ್ರೇಕ್ ಶೂ ಸರಿಯಾಗಿಟ್ಟುಕೊಳ್ಳಿ. ಆಯಿಲ್ ಹೆಚ್ಚಿಸಿದರೆ ಅದೇ ಜೆಟ್ಟಿನಿಂದ ಬರುವ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಶ್ರಣ ಇನ್ನಷ್ಟು ತೆಳುವಾಗಿ ಬಿಸಿ ಏರುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಮಿಶ್ರಣವನ್ನು ಮೊದಲೇ ತುಸು ತೆಳು ಮಾಡಿರುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ ಪ್ಲಗ್ ಬಣ್ಣ ನೋಡಿ: ಕಾಫಿ ಕಂದು ಬಂದರೆ ಸರಿ, ಸುಣ್ಣದ ಬಿಳಿಯಾದರೆ ನಿಲ್ಲಿಸಿ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಆ ನೀರು ತಳದಲ್ಲಿ ನಿಂತು ಫ್ಲೋಟ್ ಬೌಲನ್ನು, ಅಂದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲನ್ನು ತಿನ್ನುತ್ತದೆ.

ತೆಗೆದ ಪಂಪ್ ಮನೆಯಲ್ಲಿದ್ದರೆ ತನ್ನಿ, ಮತ್ತೆ ಕೂರಿಸೋಣ. ಪಂಪ್ ಕೈಕೊಡುತ್ತದೆ ಎಂಬ ಭಯ ಹಬ್ಬಿಸಿದವರು ಅದರ ಗಾಳಿ ತೆಗೆಯಲು ಬಾರದವರು.

ಪ್ರಶ್ನೆ (ಶಿವಮೊಗ್ಗ): ಸರ್, ರಾಜದೂತ್ 350 ಒಂದು ಮಾರಾಟಕ್ಕಿದೆ. ಮುಂದೆ ಡಿಸ್ಕ್ ಬ್ರೇಕ್ ಇದೆ. 'ಪಕ್ಕಾ ಒರಿಜಿನಲ್ ಎಚ್‌ಟಿ' ಎಂದು ಲಕ್ಷಗಳಲ್ಲಿ ಬೆಲೆ ಹೇಳುತ್ತಿದ್ದಾರೆ.

ಉತ್ತರ: ಎಸ್ಕಾರ್ಟ್ಸ್ ಕಂಪನಿ 1983ರಿಂದ ಇಲ್ಲಿ ಮಾಡಿದ ಆ ಬೈಕ್ ಜಪಾನಿನ ಯಮಹಾ ಆರ್‌ಡಿ 350ಬಿ ವಂಶದ್ದು, ಆದರೆ ನಮ್ಮಲ್ಲಿ ಮುಂದೆ ಬಂದದ್ದು ಡ್ರಮ್ ಬ್ರೇಕ್. ಡಿಸ್ಕ್ ಆಮೇಲೆ ಹಾಕಿಸಿದ್ದು. ಅದು ಒಳ್ಳೆಯ ಬದಲಾವಣೆಯೇ, 'ಒರಿಜಿನಲ್' ಎಂಬ ಹೆಸರಿನಲ್ಲಿ ದುಡ್ಡು ಕೇಳುವುದು ಮಾತ್ರ ಸರಿಯಲ್ಲ. ಮೊದಲು ಬಂದ ಎಚ್‌ಟಿ (ಹೈ ಟಾರ್ಕ್) ಮಾದರಿ 30.5 ಅಶ್ವಶಕ್ತಿ, ನಂತರದ ಎಲ್‌ಟಿ (ಲೋ ಟಾರ್ಕ್) 27. ವ್ಯತ್ಯಾಸ ಇರುವುದು ಎಂಜಿನ್ ಒಳಗೆ, ಸ್ಟಿಕರ್ ನೋಡಿ ಹಣ ಕೊಡಬೇಡಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿದರೆ ಒತ್ತಡ ಸಮವಾಗಿರಬೇಕು. ಎರಡು ಸಿಲಿಂಡರಿಗೆ ಎರಡು ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್) ಇರುವುದರಿಂದ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯವನ್ನು ಡಯಲ್ ಗೇಜ್ ಎಂಬ ಅಳತೆ ಸಾಧನ ಇಟ್ಟೇ ಹೊಂದಿಸಬೇಕು. ಕಿವಿಯ ಅಂದಾಜಿನಲ್ಲಿ ಹೊಂದಿಸುವವರ ಕೈಗೆ ಕೊಡಬೇಡಿ.

ಪ್ರಶ್ನೆ (ಸಾಗರ): ಹಳೆಯ ಗಾಡಿಗಳಿಗೆ ವಿಎ ಎಂಬ ವಿಂಟೇಜ್ ನಂಬರ್ ಕೊಡುತ್ತಾರಂತೆ. 1991ರ ಆರ್‌ಎಕ್ಸ್‌ಗೆ ಸಿಗುತ್ತದೆಯೇ?

ಉತ್ತರ: ಇಲ್ಲ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ಮಾತ್ರ. ಆರ್‌ಎಕ್ಸ್ ಬಂದದ್ದೇ 1985ರಲ್ಲಿ. ಮೈಸೂರಿನ ಕಾರ್ಖಾನೆಯ ಅರವತ್ತರ ದಶಕದ ಜಾವಾ ಇದ್ದರೆ ಯೋಚಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ವಿಎ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ಸಂತೆಗೆ, ತೋಟಕ್ಕೆ ಓಡಿಸುವ ಗಾಡಿಗೆ ಮಾಮೂಲಿ ಆರ್‌ಸಿ ನವೀಕರಿಸಿಕೊಳ್ಳಿ. ಇನ್ನು ಗುಂಪಿಗೆ ಆರ್‌ಸಿ ಫೋಟೊ ಹಾಕುವವರು ಎಂಜಿನ್, ಚಾಸಿಸ್ ನಂಬರ್ ಮರೆಮಾಡಿ ಹಾಕಿ.