ಸಹಾಯ ಬೇಕು: ಪರಿಸರ ವಿಜ್ಞಾನಿಗಳ ಎಚ್-ಇಂಡೆಕ್ಸ್ ಲೆಕ್ಕ

ಮಾನ್ಯರೇ, ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿಯಾಗಿರುವ ನಾನು, ಪರಿಸರ ವಿಜ್ಞಾನಿಗಳ ಪ್ರಬಂಧಗಳು ಹಾಗೂ ಅವುಗಳಿಗೆ ದೊರೆತ ಉಲ್ಲೇಖಗಳ ಆಧಾರದ ಮೇಲೆ ಅವರ ಸಂಶೋಧನೆಯ ಪ್ರಭಾವವನ್ನು ಅಳೆಯುವ ಕೆಲಸದಲ್ಲಿ ತೊಡಗಿದ್ದೇನೆ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ತಲಾ ಕನಿಷ್ಠ 12 ಉಲ್ಲೇಖ ಪಡೆದ 12 ಪ್ರಬಂಧಗಳಿದ್ದರೆ ಸೂಚ್ಯಂಕ 12 ಆಗುತ್ತದೆ, ಇಲ್ಲಿಯವರೆಗೆ ಗೊಂದಲವಿಲ್ಲ. ಆದರೆ ಕಾವೇರಿ ನೀರಿನ ಗುಣಮಟ್ಟದ ಬಗ್ಗೆ ಬರೆದಿರುವ ಒಬ್ಬರ ಇನಿಷಿಯಲ್ ಒಂದು ಪ್ರಬಂಧದಲ್ಲಿ ಹೆಸರಿನ ಹಿಂದೆ, ಮತ್ತೊಂದರಲ್ಲಿ ಮುಂದೆ, ಇನ್ನೊಂದರಲ್ಲಿ ಊರಿನ ಹೆಸರಾಗಿ ಬಿಡಿಸಿ ಅಚ್ಚಾಗಿರುವುದರಿಂದ, ಪ್ರಬಂಧ ಹಾಗೂ ಉಲ್ಲೇಖಗಳ ದತ್ತಸಂಚಯವಾದ ಸ್ಕೋಪಸ್‌ನಲ್ಲಿ ಅವರು ಮೂವರಾಗಿದ್ದಾರೆ (ನಮ್ಮ ಕಡೆಯ ಹೆಸರುಗಳ ಹಣೆಬರಹವೇ ಇದು). ಉಲ್ಲೇಖಗಳು ಹೀಗೆ ಹಂಚಿಹೋಗಿ ಸೂಚ್ಯಂಕ ಕುಸಿಯುತ್ತಿದೆ. ಪಿಎಚ್.ಡಿ. ಪ್ರಬಂಧಗಳನ್ನೂ ಎಣಿಸುವ ಗೂಗಲ್ ಸ್ಕಾಲರ್‌ನ ಅಂಕಿಯನ್ನು ಸ್ಕೋಪಸ್ ಅಂಕಿಯ ಪಕ್ಕದಲ್ಲಿಡುವುದು ನನಗೆ ಸರಿಯೆನಿಸುತ್ತಿಲ್ಲ. ಆರ್ಕಿಡ್ (ORCID, ಅಂದರೆ ಸಂಶೋಧಕರ ಗುರುತಿನ) ಸಂಖ್ಯೆಯಿಲ್ಲದ ಹಿರಿಯರ ಪ್ರಬಂಧಗಳನ್ನು ಒಟ್ಟುಗೂಡಿಸಿ ಅನುಭವವುಳ್ಳವರು ದಯವಿಟ್ಟು ಕ್ರಮವನ್ನು ತಿಳಿಸಿಕೊಡಬೇಕಾಗಿ ವಿನಂತಿ.