ಮಗಳ ಪ್ರಬಂಧ: ಅದು ವರ್ಣಭೇದವಾ, ಬರೀ ಕಾಗದಪತ್ರದ ತಾಪತ್ರಯವಾ?

ಫ್ರೀಮಾಂಟ್‌ನಿಂದ:
ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಚೀನೀ ಮೂಲದ ಲೇಖಕಿ ಸುಯಿ ಸಿನ್ ಫಾರ್ ಬರೆದ ‘ಇನ್ ದಿ ಲ್ಯಾಂಡ್ ಆಫ್ ದಿ ಫ್ರೀ’ ಕಥೆ ಮೇಲೆ ಪ್ರಬಂಧ ಬರೆಯಬೇಕು. ಚೀನಾದಿಂದ ಬಂದ ತಾಯಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಾಳೆ. ಮಗುವಿಗೆ ಕಾಗದವಿಲ್ಲ ಅಂತ ಅಧಿಕಾರಿಗಳು ಅದನ್ನ ಇಟ್ಟುಕೊಳ್ಳುತ್ತಾರೆ. ಕಾಗದ ಬರುವ ಹೊತ್ತಿಗೆ ಹತ್ತು ತಿಂಗಳು. ಮಗುವಿಗೆ ಅಮ್ಮನ ಗುರುತೇ ಇಲ್ಲ. ‘ಯಾರೂ ರೇಸಿಸ್ಟ್ ಅಲ್ಲಮ್ಮ, ಪೇಪರ್‌ವರ್ಕ್ ಲೇಟಾಯ್ತು ಅಷ್ಟೇ’ ಅಂತಾಳೆ ಇವಳು. ಮನೆಯಲ್ಲಿ ದಿನಾ ಗ್ರೀನ್ ಕಾರ್ಡ್ ಮಾತು ಕೇಳಿ ಹೀಗಾದಳಾ ಅಂತ ಚಿಂತೆ. ಏನು ಹೇಳಲಿ? ಸೋಮವಾರ ಕೊಡಬೇಕು.

ಸನ್ನಿವೇಲ್‌ನಿಂದ:
ಆ ಕಾಗದ ಯಾರಿಗೆ ಮಾತ್ರ ಬೇಕಿತ್ತು ಅಂತ ಕೇಳಿ ಅಕ್ಕ. ಅಮೆರಿಕದ 1882ರ ವಲಸೆ ಕಾಯ್ದೆ ಚೀನೀಯರ ಹೆಸರು ಹಿಡಿದೇ ಬರೆದದ್ದು. ಕೂಲಿಯವರು ಬರುವ ಹಾಗಿಲ್ಲ. ವ್ಯಾಪಾರಿಗಳ ಮನೆಯವರು ಬರಬಹುದು, ಆದರೆ ಪುರಾವೆ ಬೇಕು. ಕಥೆಯಲ್ಲಿ ಅಧಿಕಾರಿಗೂ ಆ ಕೆಲಸ ಹಿಡಿಸಲ್ಲ, ಆದರೂ ಮಗುವನ್ನ ಒಯ್ಯುತ್ತಾರೆ. ದ್ವೇಷ ಕಾನೂನಿನೊಳಗೇ ಇದ್ದಾಗ ಕಚೇರಿಯವರು ಬೈಯಬೇಕಾಗಿಲ್ಲ, ಫೈಲು ನೋಡಿದರೆ ಸಾಕು. ಲಾಯರಿಗೆ ಕೊಡಲು ಆಕೆ ಬಳೆ, ಉಂಗುರ ಎಲ್ಲ ಬಿಚ್ಚುತ್ತಾಳಲ್ಲ, ಆ ಜಾಗ ಇನ್ನೊಮ್ಮೆ ಓದಿಸಿ.

ಸ್ಯಾನ್ ರಮೋನ್‌ನಿಂದ:
ನಾನು ಒಪ್ಪಲ್ಲ. ಮಕ್ಕಳಿಗೆ ಎಲ್ಲದರಲ್ಲೂ ರೇಸಿಸಂ ತೋರಿಸಬೇಡಿ. ನಿಯಮ ಅಂದ್ರೆ ನಿಯಮ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಅಂತ ನಾವೂ ವರ್ಷಗಟ್ಟಲೆ ಕಾದಿಲ್ವಾ? ಯಾರನ್ನೂ ದೂರಲಿಲ್ಲ. ದುಡಿದೆವು, ಮನೆ ಮಾಡಿದೆವು. ಮಕ್ಕಳು ತಲೆ ಎತ್ತಿ ಬೆಳೆಯಲಿ.

ಸನ್ನಿವೇಲ್‌ನಿಂದ:
ಸರ್, ಶೇ. 7 ಎಲ್ಲ ದೇಶಕ್ಕೂ ಒಂದೇ. 1882ರ ಕಾಯ್ದೆ ಹಾಗಿರಲಿಲ್ಲ. 1917ರಲ್ಲಿ ಭಾರತೀಯರಿಗೂ ಬಾಗಿಲು ಹಾಕಿದರು. ಭಗತ್ ಸಿಂಗ್ ತಿಂಡ್ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟು ಅವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು.

ಪ್ಲೆಸಂಟನ್‌ನಿಂದ:
ನಿಯಮದ ಮಾತು ಬಂದರೆ ನನಗೆ ಅಪ್ಪ ನೆನಪಾಗುತ್ತಾರೆ. ವೀಸಾ ಸ್ಟಾಂಪಿಂಗ್‌ಗೆ ಡೇಟ್ ಸಿಗಲ್ಲ, ಹೋದರೆ ವಾಪಸ್ ಬರಕ್ಕಾಗಲ್ಲ ಅಂತ ಮೈಸೂರಿಗೆ ಹೋಗಲೇ ಇಲ್ಲ. ಕೊನೇ ಸಲ ಅವರ ಮುಖ ನೋಡಿದ್ದು ವೀಡಿಯೋದಲ್ಲಿ. ಯಾರನ್ನ ದೂರಲಿ, ಗೊತ್ತಿಲ್ಲ.

ಸ್ಯಾನ್ ಹೋಸೆಯಿಂದ:
ಟಿಬ್ಯುರಾನ್‌ನಿಂದ ಫೆರಿ ಹತ್ತಿ ಏಂಜೆಲ್ ಐಲ್ಯಾಂಡ್ ತೋರಿಸಿ. 1910ರಿಂದ 1940ರವರೆಗೆ ವಲಸೆ ಬಂದವರನ್ನ ಕೂಡಿ ಹಾಕುತ್ತಿದ್ದ ಜಾಗ. ಮರದ ಗೋಡೆಯಲ್ಲಿ ಅವರು ಕೆತ್ತಿದ ಪದ್ಯಗಳು ಇನ್ನೂ ಇವೆ. ಊರಿನ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಎಲ್ಲಿ ಅಂತೆಲ್ಲ ವಿಚಾರಣೆ. ಸಾಕ್ಷಿಯ ಉತ್ತರಕ್ಕೆ ತಾಳೆಯಾಗದಿದ್ದರೆ ವಾಪಸ್ ಕಳಿಸುವ ಭಯ. ನಮ್ಮ ಮಕ್ಕಳು ಅಲ್ಲಿಂದ ಬಂದ ಮೇಲೆ ಕೇಳಿದ ಪ್ರಶ್ನೆಗಳೇ ಬೇರೆ.

ಸ್ಯಾನ್ ರಮೋನ್‌ನಿಂದ:
ಚೀನೀಯರ ಕಥೆ ಇರಲಿ. ನಮ್ಮ ಮಕ್ಕಳಿಗೆ ಒಂದು ವಚನ ಬರುತ್ತಾ? ಮೊದಲು ಭಾನುವಾರದ ಕನ್ನಡ ಕ್ಲಾಸಿಗೆ ಕಳಿಸಿ. ಬೇರು ಗಟ್ಟಿ ಇದ್ದರೆ ಈ ಗೊಂದಲವೇ ಇಲ್ಲ.

ಫ್ರೀಮಾಂಟ್‌ನಿಂದ:
ಸನ್ನಿವೇಲ್ ಅವರ ಉತ್ತರ ಮಗಳಿಗೆ ಓದಿದೆ. ಈಗ ಅವಳ ಪ್ರಶ್ನೆ: ಹಿಡಿಸದಿದ್ದರೆ ಆ ಅಧಿಕಾರಿ ಮಗುವನ್ನ ಬಿಟ್ಟುಬಿಡಬಹುದಿತ್ತಲ್ವಾ? ಯಾರಾದರೂ ಹೇಳ್ತೀರಾ?

ಸ್ಯಾನ್ ರಮೋನ್‌ನಿಂದ:
ಕನ್ನಡ ಕ್ಲಾಸಿಗೆ ಮುಂದಿನ ವಾರದಿಂದ ಹೊಸ ಬ್ಯಾಚ್. ಹೆಸರು ಕೊಡುವವರು ನನಗೆ ಮೆಸೇಜ್ ಮಾಡಿ.